ಬಸ್ ಟಿಕೆಟ್ಟಿನ ದಪ್ಪ

ಆ ಕಾಲದ ಸಿಟಿ ಬಸ್ಸಿನ ಟಿಕೆಟ್ಟು ತುಂಬ ತೆಳ್ಳಗಿರುತ್ತಿತ್ತು. ಬೆವರಿದ ಅಂಗೈಯಲ್ಲಿ ಹಿಡಿದರೆ ಎರಡು ಸ್ಟಾಪು ದಾಟುವುದರೊಳಗೆ ಮುದ್ದೆಯಾಗುತ್ತಿತ್ತು. ಅದರ ದಪ್ಪ ಮಿಲಿಮೀಟರಿನ ನೂರು ಭಾಗದಲ್ಲಿ ಐದು ಭಾಗ. ಇದನ್ನು ನನಗೆ ಹೇಳಿದವನು ಕೆ.ಆರ್. ಪುರಂ ರೈಲ್ವೆ ಗೇಟಿನ ಆಚೆಗಿದ್ದ ಒಂದು ವರ್ಕ್‌ಶಾಪಿನ ಮಿಲ್ಲಿಂಗ್ ಮಿಷನ್ ಆಪರೇಟರ್. ಆ ಬುಧವಾರ ಬೆಳಿಗ್ಗೆ ಆತ ಮಿಷನ್ನಿನ ಝೀರೋವನ್ನು ಸರಿಯಾಗಿಯೇ ತೆಗೆದುಕೊಂಡಿದ್ದ. ನಾನು ಪಕ್ಕದಲ್ಲಿ ನಿಂತು ನೋಡಿದ್ದೆ. ನೋಡಿದವಳು ನಾನೊಬ್ಬಳೇ. ಕೇಳಿದಾಗ, ನೋಡಲಿಲ್ಲ ಎಂದೆ.

ಹೇಳಬೇಕಾದದ್ದು ಇಷ್ಟೇ. ಉಳಿದದ್ದು ಇದು ಹೇಗೆ ಆಯಿತು ಎನ್ನುವ ವಿವರ.

ತೊಂಬತ್ತರ ದಶಕದ ನಡುವಿನಲ್ಲಿ, ಕಾಲೇಜು ಮುಗಿಸಿ ಎರಡು ವರ್ಷವಾಗಿದ್ದಾಗ, ನಾನು ಇಂದಿರಾನಗರದ ಒಂದು ಸಣ್ಣ ಕಂಪನಿಯಲ್ಲಿದ್ದೆ. ಕಂಪನಿ ಎಂದರೆ ಒಂದು ಮನೆಯ ಮಹಡಿ. ಅಡುಗೆಕಟ್ಟೆಯ ಮೇಲೆ ಪ್ರಿಂಟರ್, ಬಚ್ಚಲಿನಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳು. ಕೆಳಗಿನ ಮನೆಯವರು ಒಗ್ಗರಣೆ ಹಾಕಿದರೆ ಮೇಲೆ ನಾವು ಸೀನುತ್ತಿದ್ದೆವು. ಯಜಮಾನರು ಸರ್ಕಾರಿ ಕಾರ್ಖಾನೆಯ ಕೆಲಸ ಬಿಟ್ಟು ಬಂದ ಇಂಜಿನಿಯರ್. ಲೋಹ ಕೊರೆಯುವ ಹಳೆಯ ಮಿಲ್ಲಿಂಗ್ ಮಿಷನ್‌ಗಳಲ್ಲಿ ಕೈಯಿಂದ ಹಿಡಿಕೆ ತಿರುಗಿಸುವ ಜಾಗಕ್ಕೆ ಮೋಟಾರು ಕೂರಿಸಿ, ಆ ಮೋಟಾರು ಯಾವಾಗ ಎಷ್ಟು ತಿರುಗಬೇಕೆಂದು ಹೇಳುವ ಪ್ರೋಗ್ರಾಂ ಬರೆದು ಮಾರುವುದು ನಮ್ಮ ಕೆಲಸ. ಹೊರದೇಶದ ಮಿಷನ್ ತರಿಸಲಾಗದ ಸಣ್ಣ ವರ್ಕ್‌ಶಾಪಿನವರು ಇದನ್ನು ಪ್ರೀತಿಯಿಂದ ಕೊಳ್ಳುತ್ತಿದ್ದರು.

ನಮ್ಮ ಮೊದಲ ಪ್ರೋಗ್ರಾಂ ಕಳುವಾಯಿತು. ನಕಲಾಗದಂತೆ ನಾವು ಹಾಕಿದ್ದ ಬೀಗವನ್ನು ಯಾರೋ ತೆಗೆದು, ಫ್ಲಾಪಿಯಲ್ಲಿ ಹಾಕಿ, ಬೇರೆ ಹೆಸರಿನಲ್ಲಿ ಮಾರಿದರು. ಯಜಮಾನರು ಆ ಫ್ಲಾಪಿಯನ್ನು ನಮ್ಮ ಮುಂದೆ ಇಟ್ಟ ದಿನ ಅವರ ಮುಖ ನೋಡಲಾಗುತ್ತಿರಲಿಲ್ಲ. ಬೈಯಲಿಲ್ಲ. "ನಾಲ್ಕು ವರ್ಷ ಕಣ್ರೋ" ಎಂದರು, ಅಷ್ಟೆ. ಎರಡನೆಯ ಪ್ರೋಗ್ರಾಮಿಗೆ ಕಾವಲು ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು.

ಪ್ರೋಗ್ರಾಂ ಕದಿಯುವವನು ಅದನ್ನು ಒಡೆಯುವುದಿಲ್ಲ. ಕೂತು ನೋಡುತ್ತಾನೆ. ಅವನ ಕೈಯಲ್ಲಿರುವುದು ನಮ್ಮಂಥವರೇ ತಪ್ಪು ಹುಡುಕಲು ಬಳಸುವ ಡಿಬಗ್ಗರ್. ಅದು ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಕಡೆ ನಿಲ್ಲಿಸುತ್ತದೆ, ಒಂದೊಂದೇ ಹೆಜ್ಜೆ ನಡೆಸುತ್ತದೆ, ಪ್ರತಿ ಹೆಜ್ಜೆಗೂ ಒಳಗಿರುವುದನ್ನು ತೋರಿಸುತ್ತದೆ. ಹಾಗೆ ನಡೆಸುತ್ತಾ ಹೋದರೆ ಬೀಗ ಎಲ್ಲಿದೆಯೆಂದು ಗೊತ್ತಾಗಿಯೇ ಆಗುತ್ತದೆ. ಹಾಗಾಗಿ ಪ್ರೋಗ್ರಾಮಿಗೆ, ನನ್ನನ್ನು ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಾಗುವ ಹಾಗೆ ಮಾಡಬೇಕು.

ಅದಕ್ಕೆ ಕುರುಹುಗಳಿವೆ. ಡಿಬಗ್ಗರ್ ಒಂದು ಜಾಗದಲ್ಲಿ ನಿಲ್ಲಿಸಬೇಕಾದರೆ ಅಲ್ಲಿನ ಒಂದು ಬೈಟ್ ಅಳಿಸಿ 'ನಿಲ್ಲು' ಎನ್ನುವ ಆದೇಶ ಇಡುತ್ತದೆ. ಪ್ರೋಗ್ರಾಂ ಆಗಾಗ ತನ್ನ ಬೈಟುಗಳನ್ನೆಲ್ಲ ತಾನೇ ಕೂಡಿ ನೋಡಿಕೊಂಡರೆ ಮೊತ್ತ ತಪ್ಪುತ್ತದೆ. ಒಂದೊಂದೇ ಹೆಜ್ಜೆ ನಡೆಸಬೇಕಾದರೆ ಮೆಮೊರಿಯ ಮೊದಲಿನಲ್ಲಿರುವ ವಿಳಾಸಪಟ್ಟಿಯಲ್ಲಿ ಡಿಬಗ್ಗರ್ ತನ್ನ ವಿಳಾಸ ಬರೆದಿಡಬೇಕು. ಅಲ್ಲಿ ಹೋಗಿ ಇಣುಕಿದರೆ ಯಾರು ಬಂದಿದ್ದಾರೆಂದು ತಿಳಿಯುತ್ತದೆ. ಗಡಿಯಾರ ನೋಡಿದರೂ ಸಾಕು. ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಮುಗಿಯಬೇಕಾದ ಎರಡು ಹೆಜ್ಜೆಗಳ ನಡುವೆ ಮೂರು ಸೆಕೆಂಡು ಕಳೆದಿದ್ದರೆ ನಡುವೆ ಒಬ್ಬ ಮನುಷ್ಯ ಕೂತಿದ್ದಾನೆ ಎಂದರ್ಥ.

ಇವೆಲ್ಲ ಎಲ್ಲರಿಗೂ ಗೊತ್ತಿದ್ದವು. ನಾನು ಹೆಮ್ಮೆಯಿಂದ ಬೀಗಿದ್ದು ಬೇರೊಂದು ಉಪಾಯಕ್ಕೆ. ಆಗಿನ ಪ್ರೊಸೆಸರುಗಳು ಮುಂದಿನ ಕೆಲವು ಆದೇಶಗಳನ್ನು ಮೊದಲೇ ಓದಿ ಕೈಯಲ್ಲಿ ಇಟ್ಟುಕೊಳ್ಳುತ್ತಿದ್ದವು. ಈಗಾಗಲೇ ಓದಿಟ್ಟುಕೊಂಡ ಸಾಲನ್ನು ನಾವು ಮೆಮೊರಿಯಲ್ಲಿ ತಿದ್ದಿದರೂ ಅವಕ್ಕೆ ಗೊತ್ತಾಗುತ್ತಿರಲಿಲ್ಲ. ಹಳೆಯ ಸಾಲನ್ನೇ ನಡೆಸಿಬಿಡುತ್ತಿದ್ದವು. ಆದರೆ ಡಿಬಗ್ಗರ್ ನಡುವೆ ನಿಲ್ಲಿಸಿದರೆ ಕೈಯಲ್ಲಿದ್ದದ್ದು ಬಿದ್ದುಹೋಗಿ, ತಿದ್ದಿದ ಹೊಸ ಸಾಲನ್ನು ಓದಬೇಕಾಗುತ್ತಿತ್ತು. ಹಳೆಯ ಸಾಲು ನಡೆದರೆ ಯಾರೂ ಇಲ್ಲ, ಹೊಸ ಸಾಲು ನಡೆದರೆ ಯಾರೋ ಇದ್ದಾರೆ. ಒಂದೇ ಬೈಟಿನ ಕಾವಲುಗಾರ. ಇದನ್ನು ಮಾಡಿ ಮುಗಿಸಿದ ಸಂಜೆ ಹಲಸೂರಿನವರೆಗೆ ನಡೆದುಕೊಂಡೇ ಹೋಗಿದ್ದೆ, ಬಸ್ಸಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ.

ನೋಡುವವನು ಇದ್ದಾನೆಂದು ಗೊತ್ತಾದ ಮೇಲೆ ಏನು ಮಾಡಬೇಕು? ಆ ಮಾತಿಗೆ ಕೂತ ದಿನ ಚಪಾತಿ ಡಬ್ಬಿ ಬಿಚ್ಚಿಕೊಂಡು ನಾಲ್ಕು ಜನ ಇದ್ದೆವು.

"ಸಿಕ್ಕಿಬಿದ್ದೆ ಕಣೋ ಅಂತ ಕಳ್ಳನಿಗೆ ಯಾಕಮ್ಮ ಹೇಳ್ತೀಯ?" ಎಂದರು ಯಜಮಾನರು. "ಹೇಳಿದ ಕೂಡ್ಲೇ ಆ ಜಾಗ ಹುಡುಕಿ ಕಿತ್ತಾಕ್ತಾನೆ."

"ಹೇಳೋದೇ ಬೇಡ ಸರ್" ಎಂದೆ. "ಡಿಸ್ಕಲ್ಲಿ ಎಲ್ಲೋ ಒಂದ್ಕಡೆ ಗುರುತು ಹಾಕ್ಕೊಂಡು ಸುಮ್ನಿರೋಣ. ಅರವತ್ತು ಪೀಸ್ ನೀಟಾಗಿ ಮಾಡ್ಕೊಡ್ಲಿ. ಅವ್ನು ಟೆಸ್ಟ್ ಮಾಡಿ, ಸರಿ ಹೋಯ್ತು ಅಂತ ಮಾರ್ಕೊಂಡು ಹೋಗಿರ್ತಾನೆ. ನಂಬಿಕೆ ಬಂದ್ಮೇಲೆ ಹೊಡೆಯೋಣ."

"ಗುರು, ಇವ್ಳ ಹತ್ರ ಮಾತ್ರ ಜಗಳ ಆಡ್ಬೇಡ್ರಪ್ಪ" ಎಂದ ಪಕ್ಕದವನು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೊಡೆತ ಹೀಗಿತ್ತು. ಮಿಷನ್ ಒಂದು ತೂತು ಕೊರೆದು ಇನ್ನೊಂದು ತೂತಿನ ಜಾಗಕ್ಕೆ ಹೋಗುವಾಗ ಕಟರನ್ನು ಹದಿನೈದು ಮಿಲಿಮೀಟರ್ ಮೇಲಕ್ಕೆತ್ತಿ ವೇಗವಾಗಿ ಹೋಗುತ್ತದೆ. ಗುರುತು ಬಿದ್ದ ಪ್ರೋಗ್ರಾಂ ಅರವತ್ತನೆಯ ಪೀಸ್ ಆದಮೇಲೆ ಅಷ್ಟು ಎತ್ತುವುದಿಲ್ಲ. ಕೊರೆಯುತ್ತಿರುವ ಲೋಹದ ತುಂಡಿನ ಮೇಲ್ಮೈಗಿಂತ ಕೂದಲೆಳೆಯಷ್ಟು ಕೆಳಗೇ ಇಟ್ಟು ಹೋಗುತ್ತದೆ. ತುಂಡಿನ ಮೇಲೆ ಗೀರು ಬಿದ್ದು ಪೀಸ್ ಹಾಳಾಗುತ್ತದೆ. ಆಫೀಸಿನ ಡೆಮೊ ಮಿಷನ್ನಿನಲ್ಲಿ ಮಾಡಿ ನೋಡಿದೆವು. ಮೇಣದ ಹಲಗೆಯ ಮೇಲೆ ತೂತಿನಿಂದ ತೂತಿಗೆ ಸಣ್ಣ ಗೀರುಗಳು, ರಂಗೋಲಿಯ ಎಳೆಯ ಹಾಗೆ. ಚೆನ್ನಾಗಿ ಕಾಣುತ್ತಿತ್ತು.

ಮೇಣದ ಹಲಗೆಯನ್ನು ನಾವು ಮೇಜಿಗೆ ಎರಡು ಬದಿ ಅಂಟುವ ಟೇಪಿನಿಂದ ಅಂಟಿಸಿದ್ದೆವು.

ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅಪ್ಪ ಸರ್ಕಾರಿ ಕಾರ್ಖಾನೆಯ ಟೂಲ್‌ರೂಮಿನಲ್ಲಿದ್ದವರು. ದೊಮ್ಮಲೂರಿನ ಹತ್ತಿರ ಕಾರ್ಖಾನೆಯ ಕಾಲೊನಿಯಲ್ಲಿ ನಮ್ಮ ಮನೆ. ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದರು:

"ಕಳ್ಳ ಅಂದ್ರೆ ಯಾರಮ್ಮ? ಕದ್ದೋನಾ, ಮಿಷನ್ ಮುಂದೆ ನಿಂತೋನಾ?"

"ಕದ್ದಿರೋದನ್ನ ಇಟ್ಕೊಂಡೋನೂ ಕಳ್ಳನೇ ಅಪ್ಪ."

"ಸುಮ್ನೆ ನಿಲ್ಸಿಬಿಡಬಾರದಾ? ನಿಂತಿರೋ ಮಿಷನ್ ಯಾರನ್ನೂ ಕಚ್ಚಲ್ಲ."

"ಪೀಸ್ ಹಾಳಾಗತ್ತೆ, ಅಷ್ಟೇ. ಇದು ನಿಮ್ಮ ಕಾಲದ ಲೇತ್ ಅಲ್ಲಪ್ಪ."

ಅಪ್ಪ ತಟ್ಟೆ ಮುಂದಕ್ಕೆ ಸರಿಸಿದರು. ಮಜ್ಜಿಗೆ ಹಾಕಿಸಿಕೊಂಡರು. ಅವರ ಮೊದಲ ಪ್ರಶ್ನೆಗೆ ನಾನು ಅಂದು ಸರಿಯಾಗಿ ಕಿವಿಗೊಟ್ಟಿದ್ದರೂ ಸಾಕಿತ್ತು. ನನ್ನ ಲೆಕ್ಕ ಎಲ್ಲೂ ತಪ್ಪದೆ ನಡೆದಿದ್ದರೂ, ಆ ಹೊಡೆತ ಬೀಳುತ್ತಿದ್ದದ್ದು ಏನೂ ಅರಿಯದ ಒಬ್ಬ ಆಪರೇಟರಿನ ಮುಂದೆಯೇ.

ಕೆ.ಆರ್. ಪುರಂ ಕಡೆಯ ವರ್ಕ್‌ಶಾಪಿನವರು ನಮ್ಮ ಹಳೆಯ ಗಿರಾಕಿ. ಹಣ ಕೊಟ್ಟು ಕೊಂಡವರು, ಕದ್ದವರಲ್ಲ. ಅವರ ಹಳೆಯ ಫೋರ್ ಎಯ್ಟಿ ಸಿಕ್ಸ್ ಕಂಪ್ಯೂಟರ್ ಧೂಳಿಗೆ ಕೆಟ್ಟಿತ್ತು. ಅದರ ಬದಲಿಗೆ ಅದೇ ತಾನೇ ಬಂದಿದ್ದ ಹೊಸ ಪ್ರೊಸೆಸರಿನ ಕಂಪ್ಯೂಟರ್ ತರಿಸಿದ್ದರು. ಸೋಮವಾರ ನಾನೇ ಹೋಗಿ, ಕಾವಲು ಕಟ್ಟಿದ್ದ ಎರಡನೆಯ ಪ್ರೋಗ್ರಾಂ ಹಾಕಿಕೊಟ್ಟೆ. ಮೊದಲ ಪೀಸ್ ಬಂತು, ಆಪರೇಟರ್ ಅಳೆದ, ಸರಿಯಾಗಿತ್ತು. ಐದನೆಯದೂ ಸರಿಯಾಗಿತ್ತು. ಬುಧವಾರ ಬಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತೇನೆಂದು ಹೇಳಿ ಹೊರಟೆ.

ಹೊಸ ಪ್ರೊಸೆಸರ್ ಹಳೆಯದಕ್ಕಿಂತ ಜಾಣ ಎಂದು ನನಗೆ ಆಗ ಗೊತ್ತಿರಲಿಲ್ಲ. ತಾನು ಓದಿಟ್ಟುಕೊಂಡ ಸಾಲನ್ನು ಯಾರಾದರೂ ತಿದ್ದಿದರೆ ಅದು ತಕ್ಷಣ ಗಮನಿಸುತ್ತದೆ, ಕೈಯಲ್ಲಿದ್ದದ್ದನ್ನು ಚೆಲ್ಲಿ ಹೊಸದನ್ನು ಓದುತ್ತದೆ. ಡಿಬಗ್ಗರ್ ಇದ್ದಾಗ ಮಾತ್ರ ನಡೆಯಬೇಕಾಗಿದ್ದ ಆ ಸಾಲು, ಈ ಕಂಪ್ಯೂಟರಿನಲ್ಲಿ ಯಾರೂ ಇಲ್ಲದಾಗಲೂ ನಡೆಯುತ್ತದೆ. ಸೋಮವಾರ ನಾನು ಆ ಕಪ್ಪು ಪರದೆಯ ಮುಂದೆ ಮೊದಲ ಬಾರಿ ಎಂಟರ್ ಒತ್ತಿದಾಗಲೇ ಪ್ರೋಗ್ರಾಂ, ನನ್ನನ್ನು ಯಾರೋ ನೋಡುತ್ತಿದ್ದಾರೆ ಎಂದು ತೀರ್ಮಾನಿಸಿ ಗುರುತು ಹಾಕಿಕೊಂಡಿತ್ತು. ನಾನು ಹೇಳಿಕೊಟ್ಟಿದ್ದ ಹಾಗೆ ಸುಮ್ಮನಿತ್ತು. ನಾನು ಹೇಳಿಕೊಟ್ಟಿದ್ದ ಹಾಗೆ ನಮ್ಮ ಪರೀಕ್ಷೆಗಳಿಗೆಲ್ಲ ಸರಿಯಾದ ಉತ್ತರ ಕೊಟ್ಟಿತ್ತು.

ಬುಧವಾರ ನಾನು ಹೋದಾಗ ಹತ್ತು ಗಂಟೆ. ವರ್ಕ್‌ಶಾಪ್ ಎಂದರೆ ಶೀಟಿನ ಚಾವಣಿಯ ಉದ್ದನೆಯ ಕೋಣೆ. ಮಾಲೀಕರು ಹೊರಗೆ ಫೋನಿನಲ್ಲಿದ್ದರು. ಆಪರೇಟರ್ ಆಗಷ್ಟೇ ಹೊಸ ಕಟರ್, ಅವರ ಮಾತಿನಲ್ಲಿ ಟೂಲ್, ಹಾಕಿ ಝೀರೋ ತೆಗೆದುಕೊಳ್ಳುತ್ತಿದ್ದ. ಝೀರೋ ಎಂದರೆ ತುಂಡಿನ ಮೇಲ್ಮೈ ಎಲ್ಲಿದೆ ಎಂದು ಮಿಷನ್ನಿಗೆ ತಿಳಿಸುವುದು. ಅದು ತಪ್ಪಿದರೆ ಮುಂದಿನ ಎತ್ತರ, ಆಳ ಎಲ್ಲ ತಪ್ಪುತ್ತದೆ. ಆಪರೇಟರ್ ಮೂವತ್ತರ ಸುಮಾರಿನ ಮನುಷ್ಯ. ರಾಯಚೂರಿನ ಕಡೆಯಿಂದ ಬಂದು ಹತ್ತಿರದಲ್ಲೇ ಹೆಂಡತಿಯ ಜೊತೆ ಬಾಡಿಗೆ ಕೋಣೆಯಲ್ಲಿದ್ದ. ಜೇಬಿನಿಂದ ಬಸ್ ಟಿಕೆಟ್ ತೆಗೆದು ತುಂಡಿನ ಮೇಲಿಟ್ಟು, ಒಂದು ಕೈಯಿಂದ ಅದನ್ನು ಅತ್ತಿತ್ತ ಎಳೆಯುತ್ತಾ, ಇನ್ನೊಂದು ಕೈಯಿಂದ ಕಟರನ್ನು ನೂರರಲ್ಲಿ ಒಂದೊಂದೇ ಭಾಗ ಇಳಿಸುತ್ತಿದ್ದ.

"ಇದೇನು, ಟಿಕೆಟ್ಟಲ್ಲಿ ಅಳೀತೀರಾ?" ಎಂದೆ.

"ಸಾವ್ಕಾರ್ರು ಗೇಜು ಕೊಟ್ಟಾರ್ರಿ ಮೇಡಂ. ಆದ್ರ ನನಗ ಇದರ ಮ್ಯಾಲ ನಂಬಿಕಿ. ಕಾಗದ ಹಿಡೀತಂದ್ರ ಟೂಲು ಮುಟ್ಟ್ಯದ ಅಂತ ತಿಳೀರಿ. ಐದು ಕಳದ್ರ ಬರೋಬ್ಬರಿ ಝೀರೋ." ನಕ್ಕು ಸೇರಿಸಿದ: "ಕಂಡಕ್ಟರಗ ಗೊತ್ತಿಲ್ಲರಿ, ಅಂವ ಗೇಜು ಹರದು ಹರದು ಕೊಡ್ತಾನ ಅಂತ."

ಟಿಕೆಟ್ಟು ನಿಂತಿತು. ಆತ ಕೈ ಬಿಟ್ಟ. "ನೀವ ಎಳದು ನೋಡ್ರಿ" ಎಂದ. ಎಳೆದು ನೋಡಿದೆ. ಹಿಡಿದಿತ್ತು. ಐದು ಕಳೆದು ಅಂಕಿ ಒತ್ತಿದ್ದನ್ನೂ ಪರದೆಯಲ್ಲಿ ನೋಡಿದೆ. ಟಿಕೆಟ್ಟಿನ ಮೇಲೆ ಕಟರಿನ ತುದಿಯ ಸಣ್ಣ ಕಚ್ಚು ಬಿದ್ದಿತ್ತು. ಅದನ್ನು ಮಾನಿಟರಿನ ಮೇಲಿಟ್ಟ.

ಆಮೇಲೆ ತನ್ನ ಕುತ್ತಿಗೆಯಲ್ಲಿದ್ದ ಕನ್ನಡಕ ತೆಗೆದು ನನಗೆ ಕೊಟ್ಟ. ಚೂರು ಸಿಡಿದು ಕಣ್ಣಿಗೆ ಬೀಳದಂತೆ ಹಾಕಿಕೊಳ್ಳುವ ಪ್ಲಾಸ್ಟಿಕ್ಕಿನ ಕನ್ನಡಕ. ಅಲ್ಲಿ ಇದ್ದದ್ದು ಅದೊಂದೇ.

"ನಿಮಗೆ?" ಎಂದೆ.

"ನಂದು ರೂಢಿ ಅದರಿ. ನೀವು ಬಂದವ್ರು, ಹಾಕ್ಕೋರಿ."

ಹಾಕಿಕೊಂಡೆ.

ಹೊಸ ಕಟರ್ ಹಾಕಿದಾಗ ಆತ ಮೊದಲ ಪೀಸನ್ನು ಒಂದೊಂದೇ ಸಾಲಾಗಿ ನಡೆಸುತ್ತಿದ್ದ. ಒಂದು ಗುಂಡಿ ಒತ್ತಿದರೆ ಒಂದು ಚಲನೆ, ಇನ್ನೊಮ್ಮೆ ಒತ್ತಿದರೆ ಇನ್ನೊಂದು. ಇನ್ನೊಂದು ಕೈ ಕೆಂಪು ಗುಂಡಿಯ ಮೇಲೆ. ಆ ದಿನವೂ ಹಾಗೇ ಮಾಡಿದ. ಅದು ಅರವತ್ತನೆಯ ಪೀಸ್. ಎಲ್ಲ ಸರಿಯಾಗಿ ಬಂತು. ಅದನ್ನು ಬಿಚ್ಚಿ, ಹೊಸ ಅಲ್ಯೂಮಿನಿಯಂ ತಟ್ಟೆ ಇಟ್ಟು, ಎರಡು ಕಡೆ ಕ್ಲಾಂಪ್ ಬಿಗಿದ. ಕ್ಲಾಂಪ್ ಎಂದರೆ ತುಂಡು ಅಲುಗದಂತೆ ಮೇಲಿನಿಂದ ಒತ್ತಿ ಹಿಡಿಯುವ ಕಬ್ಬಿಣದ ಪಟ್ಟಿ. ತಟ್ಟೆಗಿಂತ ಕಿರುಬೆರಳಿನ ದಪ್ಪದಷ್ಟು ಎತ್ತರ. ಟೇಪಿನಿಂದ ಅಂಟಿಸಿದ್ದ ನಮ್ಮ ಮೇಣದ ಹಲಗೆಗೆ ಅದು ಬೇಕಿರಲಿಲ್ಲ. ಮೊದಲ ತೂತಿಗೂ ಎರಡನೆಯ ತೂತಿಗೂ ನಡುವೆ ಒಂದು ನಿಂತಿತ್ತು. ಹದಿನೈದು ಮಿಲಿಮೀಟರ್ ಎತ್ತಿದರೆ ಕಟರ್ ಅದನ್ನು ಆರಾಮವಾಗಿ ದಾಟುತ್ತಿತ್ತು.

ಆತ ಕೆಂಪು ಗುಂಡಿಯಿಂದ ಕೈ ತೆಗೆದು ಬಟ್ಟೆಗೆ ಒರೆಸಿಕೊಂಡ. ಪೂರ್ತಿ ಓಡಿಸುವ ಗುಂಡಿ ಒತ್ತಿದ. ನನ್ನ ಕಡೆ ತಿರುಗಿ, "ಚಾ ಹೇಳ್ಲೇನ್ರಿ?" ಎಂದ.

ಅಲ್ಲಿಂದ ಮುಂದಿನದು ಒಂದು ಸೆಕೆಂಡಿಗಿಂತ ಕಡಿಮೆ. ಎಷ್ಟೋ ವರ್ಷಗಳಿಂದ ನಾನು ಅದನ್ನು ಒಂದೊಂದೇ ಹೆಜ್ಜೆ ನಿಲ್ಲಿಸಿ ನೋಡುತ್ತಿದ್ದೇನೆ. ಕಟರ್ ಮೊದಲ ತೂತು ಕೊರೆಯುತ್ತದೆ. ಮೇಲೆ ಬರುತ್ತದೆ. ಬರುವುದು ಅರ್ಧಕ್ಕೆ ನಿಲ್ಲುತ್ತದೆ. ಇಲ್ಲಿ ನಾನು ನಿಲ್ಲಿಸುತ್ತೇನೆ. ಇಲ್ಲಿ ನಾನು ಕೂಗಬಹುದಾಗಿತ್ತು. ನನ್ನ ಕಣ್ಣು ಅಲ್ಲಿಯೇ ಇತ್ತು, ಮೇಣದ ಹಲಗೆಯ ಮೇಲೆ ನೂರು ಸಲ ಕಂಡ ಚಲನೆ ಅದು, ಜಗತ್ತಿನಲ್ಲಿ ಅದರ ಗುರುತು ಹಿಡಿಯಬಲ್ಲವರು ನಾವು ನಾಲ್ಕೇ ಜನ. ಮುಂದಿನ ಹೆಜ್ಜೆಗೆ ಅಡ್ಡ ಚಲನೆ ಶುರುವಾಗುತ್ತದೆ, ಪೂರ್ತಿ ವೇಗದಲ್ಲಿ. ಅಲ್ಯೂಮಿನಿಯಂ ಕಿರುಚುತ್ತದೆ. ಆತ ಸದ್ದಿನ ಕಡೆ ತಿರುಗುತ್ತಾನೆ. ಎಲ್ಲ ಆಪರೇಟರುಗಳೂ ಸದ್ದಿನ ಕಡೆಗೇ ತಿರುಗುತ್ತಾರೆ. ಕಟರ್ ಕ್ಲಾಂಪಿಗೆ ತಾಗುತ್ತದೆ.

ಒಂದು ಚೂರು ನನ್ನ ಕಿವಿಯ ಪಕ್ಕದಿಂದ ಹೋಗಿ ಹಿಂದಿನ ಕಬ್ಬಿಣದ ಬೀರುವಿನ ಬಾಗಿಲು ತೂತು ಮಾಡಿತು. ಇನ್ನೊಂದು ಚೂರು ಆತನ ಎಡಗಣ್ಣಿಗೆ ಹೋಯಿತು.

ಆತ ಕೂಗಲಿಲ್ಲ. ಬಲಗೈಯಿಂದ ತಡಕಾಡಿ ಕೆಂಪು ಗುಂಡಿ ಒತ್ತಿದ. ಮಿಷನ್ ನಿಂತ ಮೇಲೆ ನೆಲದ ಮೇಲೆ ಕೂತ.

ಆಟೋದಲ್ಲಿ ನಾನೂ ಮಾಲೀಕರೂ ಅವನ ಎರಡು ಪಕ್ಕ ಕೂತೆವು. ಈಗ ತೂಗು ಸೇತುವೆ ಇರುವ ಕಡೆ ಆಗ ರೈಲ್ವೆ ಗೇಟು. ಗೇಟು ಹಾಕಿತ್ತು. ಗೂಡ್ಸ್ ಗಾಡಿ ಮುಗಿಯಲೇ ಇಲ್ಲ. ನಾನು ದುಪಟ್ಟಾ ಮಡಚಿ ಕಣ್ಣಿನ ಮೇಲೆ ಒತ್ತಲು ಹೋದೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ದಬಾವ್ ನಕ್ಕೋ ಅಮ್ಮಾ, ಖಾಲಿ ಢಾಂಕೋ" ಎಂದ. ಆಮೇಲೆ ಕನ್ನಡದಲ್ಲಿ, "ಒತ್ಬೇಡಿ, ಸುಮ್ನೆ ಮುಚ್ಚಿ. ನಮ್ ಚಾಚಾಗೆ ವೆಲ್ಡಿಂಗಲ್ಲಿ ಹಿಂಗೇ ಆಗಿತ್ತು" ಎಂದ. ಚಾಚಾನ ಕಣ್ಣು ಏನಾಯಿತೆಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಲಸೂರು ಕೆರೆಯ ಹತ್ತಿರ ಬರುವಾಗ ಆಪರೇಟರ್ ಮೊದಲ ಬಾರಿ ಮಾತಾಡಿದ.

"ಸಾವ್ಕಾರ, ಮಿಷನ್ನಿಗೆ ಏನರ ಆಗ್ಯದೇನ್ರಿ?"

ಶಿವಾಜಿನಗರದ ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಅವನ ಹೆಂಡತಿಗೆ ಹೇಳಿ ಕಳಿಸಿಯಾಗಿತ್ತು. ಮಾಲೀಕರು ಕೆಟ್ಟವರಲ್ಲ. ಶರ್ಟಿನ ತುಂಬ ರಕ್ತವಿತ್ತು. ತಲೆ ಹಿಡಿದುಕೊಂಡಿದ್ದವರು ಮೆಲ್ಲಗೆ ಕೇಳಿದರು:

"ಝೀರೋ ತಪ್ಪು ಹೊಡೆದ್ಬಿಟ್ಟ ಅನ್ಸತ್ತೆ. ಹೊಸ ಟೂಲ್ ಹಾಕಿದ್ನಲ್ಲ. ಮೇಡಂ, ನೀವಲ್ಲೇ ಇದ್ರಲ್ಲ. ಸರಿಯಾಗಿ ತಗೊಂಡ್ನಾ?"

ನನಗೆ ಆಗಲೇ ಗೊತ್ತಿತ್ತು. ಕಾರಣ ತಿಳಿದಿರಲಿಲ್ಲ, ಆದರೆ ಆ ಅರ್ಧಕ್ಕೆ ನಿಂತ ಚಲನೆ ಯಾರದೆಂದು ಗೊತ್ತಿತ್ತು. ಟಿಕೆಟ್ಟನ್ನು ನಾನೇ ಎಳೆದು ನೋಡಿದ್ದೆ ಎಂದು ಹೇಳಲು ಬಾಯಿ ತೆರೆದೆ.

"ನಾನು ಸ್ಕ್ರೀನ್ ಕಡೆ ನೋಡ್ತಿದ್ದೆ ಸರ್. ಗಮನಿಸ್ಲಿಲ್ಲ."

ಅವರು ತಲೆಯಾಡಿಸಿದರು. ಆಗ ಗೊತ್ತಾಯಿತು, ಕನ್ನಡಕ ಇನ್ನೂ ನನ್ನ ಕುತ್ತಿಗೆಯಲ್ಲೇ ಇತ್ತು.

ಮರುದಿನ ಯಜಮಾನರು ಆ ಕಂಪ್ಯೂಟರನ್ನು ಪರೀಕ್ಷೆಗೆಂದು ಆಫೀಸಿಗೆ ತರಿಸಿದರು. ನಾನು ಡಿಬಗ್ಗರ್ ಹಾಕಿ ಕೂತೆ. ನನ್ನದೇ ಕಾವಲು ನನ್ನನ್ನು ಹತ್ತಿರ ಬಿಡಲಿಲ್ಲ. ಒಂದು ಕಡೆ ನಿಲ್ಲಿಸಿದರೆ ಮೊತ್ತ ತಪ್ಪಿ ದಾರಿ ಬದಲಿಸುತ್ತಿತ್ತು, ಇನ್ನೊಂದು ಕಡೆ ಗಡಿಯಾರ ನೋಡಿ ಸಂಶಯಪಡುತ್ತಿತ್ತು. ಯಾರೂ ನೋಡದಿರುವಾಗ ಅದು ಯಾಕೆ ಸಂಶಯಪಟ್ಟಿತೆಂದು ನೋಡಿ ತಿಳಿಯುವುದು ಸಾಧ್ಯವಿರಲಿಲ್ಲ. ಕೊನೆಗೆ ಡಿಬಗ್ಗರ್ ತೆಗೆದು, ಒಂದೊಂದು ಉಪಾಯವನ್ನೂ ಬೇರೆ ಬೇರೆ ಪುಟ್ಟ ಪ್ರೋಗ್ರಾಮಾಗಿ ಬರೆದು ಓಡಿಸಿದೆ. ಮೂರು ಸರಿಯಾಗಿದ್ದವು. ನಾಲ್ಕನೆಯದು, ನಾನು ಬೀಗಿದ್ದ ಆ ಒಂದು ಬೈಟಿನದು, ಪ್ರತಿ ಸಲವೂ ಒಂದೇ ಉತ್ತರ ಕೊಟ್ಟಿತು. ಯಾರೋ ಇದ್ದಾರೆ. ಯಾರೋ ಇದ್ದಾರೆ. ನಮ್ಮ ಆಫೀಸಿನ ಹಳೆಯ ಕಂಪ್ಯೂಟರಿನಲ್ಲಿ ಓಡಿಸಿದೆ. ಯಾರೂ ಇಲ್ಲ.

ಯಜಮಾನರನ್ನು ಕರೆದು ತೋರಿಸಿದೆ. ಅವರು ನನ್ನ ಕುರ್ಚಿಯ ಹಿಂದೆ ನಿಂತು ಎರಡೂ ಪರದೆಗಳನ್ನು ನೋಡಿದರು. 

"ಬೇರೆ ಯಾರ ಹತ್ರ ಈ ಹೊಸ ಕಂಪ್ಯೂಟರ್ ಇದೆ?"

"ಸದ್ಯಕ್ಕೆ ಇವ್ರೊಬ್ರೇ ಸರ್."

"ಇವತ್ತೇ ಇದನ್ನ ತೆಗೆದ್ಬಿಡು. ಎಲ್ಲರಿಗೂ ಹೊಸ ವರ್ಷನ್ ಕಳ್ಸೋಣ. ಫ್ರೀ." ಬಾಗಿಲ ಕಡೆ ತಿರುಗಿ, "ಆ ಡಿಸ್ಕ್ ಫಾರ್ಮ್ಯಾಟ್ ಮಾಡು" ಎಂದರು.

"ಸರ್, ಗುರುತು ಅದ್ರಲ್ಲೇ ಇರೋದು. ಅದು ಹೋದ್ರೆ..."

"ಗೊತ್ತಮ್ಮ." ಅವರ ಧ್ವನಿ ಏರಲಿಲ್ಲ. "ನಾವು ಬಾಯ್ಬಿಟ್ರೆ ಅವನ ಕಣ್ಣು ವಾಪಸ್ ಬರತ್ತಾ? ಬರತ್ತೆ ಅನ್ನು, ಈಗ್ಲೇ ಹೋಗಿ ಹೇಳ್ತೀನಿ. ಬರಲ್ಲ. ಆದ್ರೆ ಇಲ್ಲಿರೋ ಎಲ್ಲರೂ ಬೀದಿಗೆ ಬೀಳ್ತೀರ."

ಅವರು ನನ್ನ ಕೈ ಹಿಡಿದು ಮಾಡಿಸಲಿಲ್ಲ. ಆದೇಶ ಬರೆದು ಎಂಟರ್ ಒತ್ತಿದವಳು ನಾನು. ಪರದೆಯ ಮೇಲೆ ಶೇಕಡಾ ಅಂಕಿ ಏರುತ್ತಾ ಹೋಯಿತು. ನೂರಾದಾಗ ಯಜಮಾನರು ಹೊರಗೆ ಹೋಗಿದ್ದರು.

ಹೊಸ ವರ್ಷನ್ ಹಾಕಲು ಮುಂದಿನ ವಾರ ವರ್ಕ್‌ಶಾಪಿಗೆ ಹೋದೆ. ಬೇರೊಬ್ಬ ಆಪರೇಟರ್ ಇದ್ದ. ಮಾಲೀಕರು ನನಗೊಂದು ಕಾಗದ ತೋರಿಸಿದರು. 'ಹೊಸ ಟೂಲ್ ಹಾಕಿದಾಗ ಝೀರೋ ತಪ್ಪಾಗಿ ಕೊಟ್ಟಿರುತ್ತೇನೆ.' ಕೆಳಗೆ ಕನ್ನಡದಲ್ಲಿ, ಓರೆಯಾಗಿ, ಅವನ ಸಹಿ. ಒಂದು ಕಣ್ಣಿಗೆ ಕಟ್ಟು ಕಟ್ಟಿದ್ದಾಗ ಹಾಕಿದ್ದು. "ನಾನೇನು ಬಲವಂತ ಮಾಡ್ಲಿಲ್ಲ ಮೇಡಂ, ಅವನೇ ಬರೆದುಕೊಟ್ಟ. ಒಳ್ಳೆ ಕೈ ಇತ್ತು, ಪಾಪ" ಎಂದರು. ಮಾನಿಟರಿನ ಮೇಲೆ ಟಿಕೆಟ್ಟು ಇನ್ನೂ ಇತ್ತು. ಅದನ್ನು ತೆಗೆದು ಪರ್ಸಿನಲ್ಲಿ ಇಟ್ಟುಕೊಂಡೆ.

ಅಪ್ಪನಿಗೆ ಅಪಘಾತವಾಯಿತೆಂದಷ್ಟೇ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಕ್ಲಾಂಪ್ ಎಲ್ಲಿತ್ತು?" ಹೇಳಿದೆ. ಎದ್ದು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕೂತರು. ಅಂದಿನಿಂದ ನನ್ನ ಕೆಲಸದ ಬಗ್ಗೆ ಅವರು ಏನನ್ನೂ ಕೇಳಲಿಲ್ಲ.

ಆ ಕಂಪನಿ ಬಿಟ್ಟೆ. ಮಾರತ್ತಹಳ್ಳಿಯ ಕಡೆ ದೊಡ್ಡ ಕಟ್ಟಡದಲ್ಲಿ ಕೆಲಸ ಸಿಕ್ಕಿತು. ಸಭೆಗಳಲ್ಲಿ ಯಾರಾದರೂ ಜಾಣ ಉಪಾಯ ಹೇಳಿ ಎಲ್ಲರೂ ನಕ್ಕರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಎರಡು ವರ್ಷದ ಮೇಲೆ, ಇನ್ನು ತಡೆಯಲಾರೆನೆನಿಸಿದ ಒಂದು ಭಾನುವಾರ, ವಿಳಾಸ ಕೇಳಿಕೊಂಡು ಕೆ.ಆರ್. ಪುರಂನ ಆ ಬಾಡಿಗೆ ಕೋಣೆಗೆ ಹೋದೆ.

ಅವನ ಹೆಂಡತಿ ಬಾಗಿಲು ತೆರೆದಳು. ಕೋಣೆಯ ಕಿಟಕಿಗೆ ಸೇರಿಸಿ ಹೊಲಿಗೆ ಮಿಷನ್ ಇಟ್ಟಿದ್ದರು, ಸುತ್ತ ಅಕ್ಕಪಕ್ಕದವರ ರವಿಕೆ ಬಟ್ಟೆಗಳು. ಅವನು ಅದರ ಮುಂದೆ ಸ್ಟೂಲಿನ ಮೇಲಿದ್ದ. ಎಡಗಣ್ಣಿನ ರೆಪ್ಪೆ ಒಳಗೆ ಕುಸಿದಿತ್ತು. ಒಂದು ಅಪಾರ್ಟ್‌ಮೆಂಟಿನಲ್ಲಿ ಗೇಟು ಕಾಯುತ್ತೇನೆ ಎಂದ. "ಮಿಷನ್ನಿಗೆ ಮತ್ತ ಕೈ ಹಚ್ಚಿಲ್ರಿ. ಸಾವ್ಕಾರ್ರು ಬಾ ಅಂದ್ರು. ನಾನಽ ಹೋಗ್ಲಿಲ್ಲ."

ಕನ್ನಡಕವನ್ನು ಅವನ ಮುಂದೆ ಇಟ್ಟು ಎಲ್ಲವನ್ನೂ ಹೇಳಿದೆ. ಪ್ರೋಗ್ರಾಂ ಕಟರನ್ನು ಎತ್ತಲಿಲ್ಲ, ಎತ್ತದಂತೆ ಬರೆದವಳು ನಾನು, ನಿಮ್ಮ ಝೀರೋ ಸರಿಯಾಗಿತ್ತು, ನಾನೇ ಟಿಕೆಟ್ ಎಳೆದು ನೋಡಿದ್ದೆ, ಕೇಳಿದಾಗ ಸುಳ್ಳು ಹೇಳಿದೆ. ಹೆಂಡತಿ ಸ್ಟವ್ ಆರಿಸಿ ನಿಂತು ಕೇಳಿದಳು. ಅವನು ತಲೆ ಬಗ್ಗಿಸಿ ಪೂರ್ತಿ ಕೇಳಿದ. ಆಮೇಲೆ ನನ್ನನ್ನು ನೋಡಿದ ಆ ಒಂದು ಕಣ್ಣಿನಲ್ಲಿ ಸಿಟ್ಟಿರಲಿಲ್ಲ.

"ಅಕ್ಕಾರ, ನೀವು ಭಾಳ ದೊಡ್ಡ ಮನಸಿನವ್ರು. ನನ್ನ ಸಮಾಧಾನಕ್ಕ ಹೇಳಾಕತ್ತೀರಿ."

"ಇಲ್ಲ, ನಿಜ ಹೇಳ್ತಿದ್ದೀನಿ."

"ಮಿಷನ್ನು ಸುಳ್ಳ ಹೇಳಂಗಿಲ್ರಿ. ಐವತ್ತೊಂಬತ್ತು ಪೀಸ್ ಬರೋಬ್ಬರಿ ಮಾಡ್ತು. ಟೂಲು ಬದಲಿ ಮಾಡಿ ಅರವತ್ತನೇದಕ್ಕ ಝೀರೋ ತಗೊಂಡಾಂವ ನಾನು. ಅದು ಹೆಂಗೋ ಪಾರಾತು, ಕೆಟ್ಟದ್ದು ಅದರ ಹಿಂದಽ. ಮಿಷನ್ನು ಲೆಕ್ಕ ಇಟ್ಟು ಕುಂತಿತ್ತು ಅಂದ್ರ ಯಾರರ ನಂಬ್ತಾರೇನ್ರಿ?"

ಅರವತ್ತು ಎಂಬ ಆ ಅಂಕಿಯನ್ನು ನಾನು ಆರಿಸಿದ್ದೆ. ಕಾರಣ ಯಾರಿಗೂ ಕಾಣಬಾರದೆಂದೇ ಅಷ್ಟು ದೂರ ಇಟ್ಟಿದ್ದೆ. ತೋರಿಸಲು ನನ್ನ ಹತ್ತಿರ ಡಿಸ್ಕ್ ಇರಲಿಲ್ಲ. ಪರ್ಸಿನಿಂದ ಟಿಕೆಟ್ ತೆಗೆದು, ಕಚ್ಚು ಬಿದ್ದ ಜಾಗ ತೋರಿಸಿದೆ. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದ.

"ದಿನಾ ನೋಡ್ಕೊಂತಾರ್ರಿ" ಎಂದಳು ಹೆಂಡತಿ, ನನಗೆ. "ಗೇಟಿಗೆ ಹೋಗೂಕಿಂತ ಮೊದ್ಲು. ಅಲ್ಲೀತನಕ ನಾ ಹೊಲಿಯಾಕ ಕುಂಡ್ರೂಹಂಗಿಲ್ಲ."

ಏನು ನೋಡಿಕೊಳ್ಳುತ್ತಾನೆಂದು ಆಗ ಕಂಡಿತು. ಹೊಲಿಗೆ ಮಿಷನ್ನಿನ ಸೂಜಿಗೆ ದಾರವಿರಲಿಲ್ಲ. ಸೂಜಿಯ ಕೆಳಗೆ ತಗಡಿನ ಮೇಲೆ ಬಸ್ ಟಿಕೆಟ್ಟುಗಳ ಒಂದು ಕಂತೆ. ಮೇಲಿನದರ ತುಂಬ ಸೂಜಿಮೊನೆಯ ಚುಕ್ಕೆಗಳು. ಅವನು ನನ್ನ ಟಿಕೆಟ್ಟನ್ನು ಅಲ್ಲಿಟ್ಟು, ಎಡಗೈಯಿಂದ ಎಳೆಯುತ್ತಾ, ಬಲಗೈಯಿಂದ ಚಕ್ರವನ್ನು ಕಂಡೂ ಕಾಣದಷ್ಟು ತಿರುಗಿಸಿದ. ಸೂಜಿ ಇಳಿಯಿತು. ಕಾಗದ ಹರಿಯಲಿಲ್ಲ, ತೂತೂ ಆಗಲಿಲ್ಲ. ನಿಂತಿತು. ಅವನು ಎರಡೂ ಕೈ ತೆಗೆದ.

"ನೀವ ಎಳೀರಿ ಅಕ್ಕಾರ. ಹಿಡದದೇನು?"

ಎಳೆದೆ. ಹಿಡಿದಿತ್ತು. ಅಂದು ಹಿಡಿದಿದ್ದಷ್ಟೇ.

"ಹಿಡಿದಿದೆ" ಎಂದೆ. "ಸರಿಯಾಗಿದೆ. ಅವತ್ತೂ ಹೀಗೇ ಇತ್ತು."

"ಹೂಂನ್ರಿ" ಎಂದ, ನನ್ನ ಮನಸ್ಸು ನೋಯಿಸದ ಹಾಗೆ. ಮತ್ತೆ ತಾನೇ ಎಳೆದು ನೋಡಿದ. ಇಲ್ಲವೆಂಬಂತೆ ತಲೆಯಾಡಿಸಿ, ಸೂಜಿ ಎತ್ತಿ, ಟಿಕೆಟ್ಟನ್ನು ಸ್ವಲ್ಪ ಸರಿಸಿ, ಮೊದಲಿನಿಂದ ಇಳಿಸಲು ಶುರುಮಾಡಿದ.